ಒಂದು ಚುಕ್ಕಿಯ ಬೆನ್ನು ಹತ್ತಿದ ಅತ್ತೆ

ಮೊಬೈಲಿನಲ್ಲಿ ಯಾರೋ ಮುಖ ಸಿಂಡರಿಸಿದರೆ ಬಸ್ಸು ಹತ್ತಿ ಹೋಗಿ ಅವರಿಗೆ ಊಟ ಬಡಿಸಿ ಬಂದವರು ಈ ಭೂಮಿಯ ಮೇಲೆ ನಮ್ಮ ಸೋದರತ್ತೆಯೊಬ್ಬರೇ. ಇನ್ನೊಬ್ಬರಿದ್ದರೆ ತೋರಿಸಿ! ಆದರೆ ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ಎಷ್ಟು ನಿಜವಾಗಿ ನಡೆದದ್ದು, ಎಷ್ಟು ಆಮೇಲೆ ನನ್ನ ತಲೆಯೊಳಗೆ ಬಂದು ಸೇರಿಕೊಂಡದ್ದು ಎಂಬುದು ನನಗೇ ಖಾತ್ರಿಯಿಲ್ಲ. ವಿಶ್ವವಿದ್ಯಾಲಯದಲ್ಲಿ ನನಗೆ ಎಲ್ಲವನ್ನೂ ಅನುಮಾನಿಸಲು ಕಲಿಸಿದರು. ಊರಿಗೆ ಬಂದ ಮೇಲೆ ಅನುಮಾನಿಸಲು ಬೇರೇನೂ ಸಿಗದೆ ನನ್ನ ನೆನಪನ್ನೇ ಹಿಡಿದುಕೊಂಡೆ. ಅತ್ತೆಗೆ ಈ ತೊಂದರೆಯಿಲ್ಲ. ಅವರಿಗೆ ಎಲ್ಲವೂ ನೆನಪಿದೆ, ನಡೆಯದೆ ಇದ್ದದ್ದೂ.

ಅತ್ತೆಯದು ಶಿಗ್ಗಾವಿಯಲ್ಲಿ ಒಂದು ಸಣ್ಣ ಖಾನಾವಳಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ, ಅನ್ನ, ಸಾರು. ಮೊದಲು ಬಸ್ಸುಗಳು ಅದರ ಬಾಗಿಲ ಮುಂದೆಯೇ ನಿಲ್ಲುತ್ತಿದ್ದವು. ಹುಲಗೂರಿನ ದರ್ಗಾಕ್ಕೆ ಹೊರಟವರು, ದುಂಡಸಿಯಿಂದ ಸಂತೆಗೆ ಬಂದವರು, ಇಳಿದವರೇ ಒಳಗೆ ಬಂದು ಕೂರುತ್ತಿದ್ದರು. ಬಸ್ಸು ನಿಲ್ಲುವ ಜಾಗ ಮುಂದಕ್ಕೆ ಸರಿಯಿತು, ಅತ್ತೆಯ ಬೆಂಚುಗಳು ಖಾಲಿಯಾದವು.

"ಹಿಂಗ ಆದ್ರ ಒಲಿ ಆರಿಸಿ, ಹತ್ತಿಮತ್ತೂರಿಗೆ ಅಕ್ಕನ ಮನಿಗೆ ಹೋಗಿ ಕುಂದ್ರೂದು" ಎಂದರು ಒಂದು ದಿನ.

ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬ ವಿಷಯದಲ್ಲಿ ಆ ಅಕ್ಕನಿಗೂ ಇವರಿಗೂ ಮಾತು ನಿಂತು ಬಹಳ ಕಾಲವಾಗಿತ್ತು. ಅಂದಮೇಲೆ ಪರಿಸ್ಥಿತಿ ಎಷ್ಟು ಗಂಭೀರವಾಗಿತ್ತೆಂದು ನೀವೇ ಊಹಿಸಿಕೊಳ್ಳಿ.

ಈಗಿನ ಜನ ಮೊಬೈಲಿನ ನಕ್ಷೆ ನೋಡಿ ಊಟದ ಜಾಗ ಹುಡುಕುತ್ತಾರೆ, ನಿಮ್ಮ ಖಾನಾವಳಿಯನ್ನೂ ಅದರಲ್ಲಿ ಸೇರಿಸೋಣ ಎಂದೆ. ಅತ್ತೆ ಒಪ್ಪಿದರು. ಒಪ್ಪಿದ್ದೇ ತಪ್ಪಾಯಿತು.

"ಅತ್ತಿ, ಎಷ್ಟೊತ್ತಿನ ತನಕ ತೆರದಿರತೈತಿ ಅಂತ ಕೇಳಾಕತ್ತೈತಿ."

"ಹಿಟ್ಟು ಮುಗಿಯೂತನಕ ಅಂತ ಬರಿ."

"ಹಂಗ ಬರಿಯಾಕ ಬರೂದಿಲ್ಲ. ತಾಸು ಹಾಕಬೇಕು."

"ಹಸಿವಿ ಏನು ತಾಸು ನೋಡಿ ಬರತೈತೇನು? ನಿನ್ನ ಮೊಬೈಲ್ ಎಂದೂ ಹಸದಿಲ್ಲ, ಅದಕ್ಕ ಹಂಗ ಕೇಳತೈತಿ."

ಮುಂದಿನದು ಫೋಟೋ. ನಾನು ತಾಟು ತುಂಬ ಬಡಿಸಿ, ಬೆಳಕು ನೋಡಿ, ಮೊಬೈಲ್ ಎತ್ತಿದೆ. ಅತ್ತೆ ಸೆರಗಿನಿಂದ ತಾಟು ಮುಚ್ಚಿಬಿಟ್ಟರು.

"ತುಂಬಿದ ತಾಟಿನ ಫೋಟೋ ತಗೀಬಾರದು ತಮ್ಮಾ, ದೃಷ್ಟಿ ಆಗತೈತಿ. ಊರ ಮಂದಿ ಕಣ್ಣು ಬಿದ್ದ ಅನ್ನ ಉಂಡಾಂವಗ ದಕ್ಕೂದಿಲ್ಲ. ಉಂಡ ಮ್ಯಾಲ ತಗಿ. ಬಳಕೊಂಡು ಉಂಡ ತಾಟಿಗಿಂತ ದೊಡ್ಡ ಸಾಕ್ಷಿ ಏನು ಬೇಕು?"

ಹೀಗಾಗಿ ನಕ್ಷೆಯಲ್ಲಿ ಅತ್ತೆಯ ಖಾನಾವಳಿ ತೆರೆದರೆ ಕಾಣುತ್ತಿದ್ದುದು ಸಾಲು ಸಾಲು ಬರಿದಾದ ಸ್ಟೀಲ್ ತಾಟುಗಳು. ಕೆಳಗೆ ಯಾರೋ ಕೇಳಿದ್ದರು: "ಇಲ್ಲಿ ಪಾತ್ರೆ ಹೋಲ್‌ಸೇಲ್ ಆಗಿ ಸಿಗುತ್ತವೆಯೇ?"

ಇಷ್ಟಾದರೂ ನಾಲ್ಕಾರು ಜನ ಬಂದು ಉಂಡು, ಮೆಚ್ಚಿ ನಕ್ಷತ್ರ ಕೊಟ್ಟರು. ಅವರಿಗೆ ಧನ್ಯವಾದ ಹೇಳಬೇಕೆಂದೆ. ಅತ್ತೆ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಐದು ನಕ್ಷತ್ರ ಕೊಟ್ಟ ಒಬ್ಬರಿಗೆ ಹೋದ ಉತ್ತರ ಹೀಗಿತ್ತು: "ಐದು ಚುಕ್ಕಿ ಕೊಟ್ಟೀರಿ, ಆದ್ರ ಕಾಳುಪಲ್ಯ ತಾಟಿನಾಗ ಬಿಟ್ಟಿದ್ರಿ. ನಾ ನೋಡೇನಿ. ನಾಲ್ಕ ಕೊಡ್ರಿ ಸಾಕು." ಆ ಪಾಪದ ಮನುಷ್ಯ ಮರುದಿನವೇ ಒಂದನ್ನು ಹಿಂದಕ್ಕೆ ಪಡೆದ. ವ್ಯಾಪಾರ ಬೆಳೆಸಲು ನಾನು ಬೆವರು ಸುರಿಸುತ್ತಿದ್ದರೆ ಅತ್ತೆ ಲೆಕ್ಕ ಸರಿಪಡಿಸುತ್ತಿದ್ದರು!

ಆಗ ಬಂತು ಆ ಒಂದೇ ಚುಕ್ಕಿ. ಮಾತಿಲ್ಲ, ದೂರಿಲ್ಲ, ಬರೀ ಒಂದು ಚುಕ್ಕಿ. ಇದ್ದ ನಾಲ್ಕಾರು ಮಂದಿಯ ನಡುವೆ ಅದು ಸಾರಿನಲ್ಲಿ ಬಿದ್ದ ನೊಣದಂತೆ ಕಾಣುತ್ತಿತ್ತು. ಇಂಥದ್ದನ್ನು ಕಂಡವರು ಮುಂದಿನ ಖಾನಾವಳಿಗೆ ಹೋಗುತ್ತಾರೆ ಎಂದು ನನಗೆ ಭಯವಾಯಿತು. ಅತ್ತೆ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು, ಕೊಟ್ಟವನ ಸಣ್ಣ ಚಿತ್ರವನ್ನು ನೋಡಿದರು.

"ಇಂವ ಹೋದ ತಿಂಗಳ ಕಿಡಕಿ ಕಡೆ ಕುಂತಿದ್ದ. ಒಂದು ರೊಟ್ಟಿ ಉಂಡಾನ. ಎರಡನೇದು ಮುರದು ಎದ್ದು ಹೋಗ್ಯಾನ. ಹಿಂದ ಬೋರ್ಡಿನ ಮ್ಯಾಲ ಏನು ಬರದೈತಿ?"

ಚಿತ್ರ ದೊಡ್ಡದು ಮಾಡಿ ಓದಿದೆ. ಹಿರೇಕೆರೂರಿನ ಒಂದು ಮೋಟಾರ್ ರಿವೈಂಡಿಂಗ್ ಅಂಗಡಿ. ರೈತರ ಪಂಪಿನ ಮೋಟಾರು ಸುಟ್ಟರೆ ತಂತಿ ಸುತ್ತಿಕೊಡುವ ಅಂಗಡಿ.

"ನಾಳೆ ಹೋಗೂಣು" ಎಂದರು ಅತ್ತೆ.

"ಜಗಳಕ್ಕೇನು?"

"ಊಟಕ್ಕ. ಅರ್ಧಕ್ಕ ಎದ್ದ ಊಟ ನನ್ನ ಕಡೆ ಬಾಕಿ ಉಳದೈತಿ."

ಮರುದಿನ ಅತ್ತೆ ಬುತ್ತಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಹಾನಗಲ್ಲ ದಾಟಿದ ಮೇಲೆ ಬಸ್ಸು ತುಂಬಿತು.

"ಯವ್ವಾ, ಆ ಡಬ್ಬಿ ಕೆಳಗ ಇಡ್ರಿ" ಎಂದ ಕಂಡಕ್ಟರ್.

"ಕಾಲಾಗ ಇಡೂ ವಸ್ತು ಅಲ್ಲಪಾ. ಊಟ ಐತಿ."

"ಯಾರಿಗ್ರಿ?"

"ಒಬ್ಬಾಂವ ಉಣ್ಣಾಕ ಕುಂತು ನಡುವ ಎದ್ದು ಬಂದಾನ."

"ಯಾವಾಗ್ರಿ?"

"ಹೋದ ತಿಂಗಳ."

ಕಂಡಕ್ಟರ್ ನನ್ನ ಮುಖ ನೋಡಿದ. ನಾನು ಕಿಟಕಿಯ ಹೊರಗಿನ ಗೋವಿನಜೋಳದ ಹೊಲ ನೋಡಿದೆ.

ಅಂಗಡಿ ಸುಲಭವಾಗಿ ಸಿಕ್ಕಿತು. ನಡುವಯಸ್ಸಿನ ಮನುಷ್ಯ, ಕೈಯಲ್ಲಿ ತಾಮ್ರದ ತಂತಿ. ಅತ್ತೆ ನಮಸ್ಕಾರ ಹೇಳಲಿಲ್ಲ, ಯಾರೆಂದೂ ಹೇಳಲಿಲ್ಲ. "ಎಣ್ಣಿಗಾಯಿ ಖಾರ ಆಗಿತ್ತೇನಪಾ?" ಎಂದರು.

ಆತ ಅರ್ಥವಾಗದೆ ನಿಂತ. ನಾನು ಮುಂದೆ ಬಂದು ಖಾನಾವಳಿ, ನಕ್ಷೆ, ಚುಕ್ಕಿ ಎಂದೆಲ್ಲ ವಿವರಿಸಿದೆ. ಕೇಳುತ್ತ ಕೇಳುತ್ತ ಆತ ತಂತಿಯನ್ನು ಕೆಳಗಿಟ್ಟ.

"ಖಾರ ಆಗಿರ್ಲಿಲ್ರಿ" ಎಂದ. "ಉಣ್ಣಾಕತ್ತಾಗ ಮನಿಯಿಂದ ಫೋನ್ ಬಂತು. ಅವ್ವ ಹೋದ್ಲು ಅಂತ. ಹಂಗ ಎದ್ದು ಬಂದೆ. ಮುಂದ ಒಂದ ವಾರಕ್ಕ ಮೊಬೈಲ್ ಕೇಳಿತ್ರಿ, ಆ ಜಾಗ ಹೆಂಗ ಅನಿಸಿತು ಅಂತ. ಮನಿ ತುಂಬ ಮಂದಿ ಕುಂತಿದ್ರು. ಏನು ಒತ್ತಿದೆನೋ ನನಗ ಗೊತ್ತಿಲ್ರಿ."

ಅತ್ತೆ ಬೆಂಚಿನ ಮೇಲಿದ್ದ ಸ್ಪ್ಯಾನರುಗಳನ್ನು ಒಂದು ಕಡೆ ಸರಿಸಿ, ಬುತ್ತಿ ಬಿಚ್ಚಿ ಬಡಿಸಿದರು. ಆತ ಕೈ ತೊಳೆದು ಬಂದು ಕೂತ. ಎದುರಿಗೆ ಅತ್ತೆ ಕೂತರು.

ಬಸ್ಸಿನಲ್ಲಿ ಹಿಂದಿರುಗುವಾಗ ನನ್ನೊಳಗಿನ ವ್ಯಾಪಾರಿ ಎಚ್ಚರಗೊಂಡ. "ಅತ್ತಿ, ಆ ಚುಕ್ಕಿ ತಗೀರಿ ಅಂತ ಒಂದ ಮಾತು ಹೇಳಬೇಕಿತ್ತು. ಅದನ್ನ ನೋಡಿ ಯಾರೂ ಬರಲಿಲ್ಲಂದ್ರ ನೀವು ಹತ್ತಿಮತ್ತೂರಿಗೆ ಹೋಗಬೇಕಾಗತೈತಿ."

"ಹೋಗೂದು ಬಂದ್ರ ಹೋಗತೇನಿ. ಅದು ನನ್ನ ಅಡಗಿಗೆ ಕೊಟ್ಟದ್ದಲ್ಲ. ಅವ್ವ ಹೋದ ಸಿಟ್ಟು ಎಲ್ಲೆರೆ ಇಡಬೇಕಲ್ಲ, ನನ್ನ ಬಾಗಲಕ್ಕ ಇಟ್ಟು ಬಂದಾನ. ಇರ್ಲಿ ಬಿಡು."

ಆ ಚುಕ್ಕಿ ಇಂದಿಗೂ ಇದೆ. ಅತ್ತೆ ಹತ್ತಿಮತ್ತೂರಿಗೆ ಹೋಗಲಿಲ್ಲ. ಕೆಲವು ತಿಂಗಳಲ್ಲಿ ಹಿರೇಕೆರೂರಿನ ಕಡೆಯಿಂದ ಶಿಗ್ಗಾವಿಗೆ ಬರುವ ರೈತರು ಬಸ್ಸಿಳಿದು, ದಾರಿ ಕೇಳುತ್ತ ಹಿಂದಕ್ಕೆ ನಡೆದು ಬರತೊಡಗಿದರು. ನನ್ನ ನಕ್ಷೆ ಕೊನೆಗೂ ಫಲಿಸಿತೆಂದು ಹಿಗ್ಗಿ ವಿಚಾರಿಸಿದೆ. "ಎಂಥಾ ನಕ್ಷೆರೀ? ಮೋಟಾರ್ ಅಂಗಡಿಯವ್ರು ಹೇಳಿ ಕಳಿಸ್ಯಾರ" ಎಂದರು. ಅತ್ತೆ ಎರಡನೆಯ ಹಂಚು ತಂದು ಒಲೆಯ ಮೇಲಿಟ್ಟರು.

ಒಂದು ವಿಷಯದಲ್ಲಿ ಮಾತ್ರ ನನಗೂ ಅತ್ತೆಗೂ ಇನ್ನೂ ವಾದವಿದೆ. ಅಂದು ಆ ಮನುಷ್ಯ ಬಹಳ ಹೊತ್ತು ತಾಟನ್ನು ಮುಟ್ಟದೆ ಕೂತಿದ್ದ, ಆಗ ಅತ್ತೆಯೇ ತುತ್ತು ಮಾಡಿ ಅವನ ಬಾಯಿಗಿಟ್ಟರು ಎಂದು ನನ್ನ ನೆನಪು. "ನನಗೇನು ಹುಚ್ಚೇನು? ಅಷ್ಟು ದೊಡ್ಡ ಗಂಡಸಿಗೆ ತುತ್ತು ಮಾಡಿ ಹಾಕ್ಲೇನು? ನೀ ಎಲ್ಲಾ ಕಟಗೊಂಡು ಹೇಳತಿ" ಎಂದು ಅತ್ತೆ ರೇಗುತ್ತಾರೆ. ಅವರು ಅಷ್ಟು ಖಚಿತವಾಗಿ ಹೇಳಿದಾಗ ನನಗೂ ಅನುಮಾನ. ನನ್ನ ನೆನಪು ನನಗೆ ಬೇಕಾದುದನ್ನು ತಾನೇ ಬರೆದುಕೊಂಡಿರಬಹುದಲ್ಲವೇ?

ಕಳೆದ ವಾರ ತಡೆಯಲಾರದೆ ಹಿರೇಕೆರೂರಿಗೆ ಫೋನ್ ಮಾಡಿ ಕೇಳಿಯೇಬಿಟ್ಟೆ. ಆ ಕಡೆ ಯಂತ್ರದ ಸದ್ದು ನಿಂತಿತು.

"ಹೌದ್ರಿ" ಎಂದ ಆತ. "ಮೊದಲ್ನೇ ತುತ್ತು ಅವರೇ ಹಾಕಿದ್ರು."