ಬೋರ್ಡಿಗೆ ಮೂರು ಬೆರಳು ವಿಭೂತಿ

ಮೂರು ತಿಂಗಳಿಂದ ನನ್ನ ಹೆಂಡತಿ ಭವ್ಯ ನನ್ನ ಮುಖ ನೋಡಿದ್ದಕ್ಕಿಂತ ಇಸ್ಪೀಟೆಲೆಯಷ್ಟಗಲದ ಒಂದು ಹಸಿರು ಬೋರ್ಡಿನ ಮುಖ ನೋಡಿದ್ದೇ ಹೆಚ್ಚು. ಅವಳು ಕೊಡಿಗೇನಹಳ್ಳಿಯಲ್ಲಿ ಹೈಸ್ಕೂಲ್ ಕಂಪ್ಯೂಟರ್ ಟೀಚರು. ನಾನು ಪರಮೇಶ್, ಕಡಲೆಕಾಯಿ ವ್ಯಾಪಾರಿ. (ಮನೆಯಲ್ಲಿ ಟೀ ಕಾಸುವವನೂ ನಾನೇ. ಊರಿಗೆ ಗೊತ್ತಿಲ್ಲ, ಹೇಳಬೇಡಿ.)

ಯಾರೋ ದಾನಿಗಳು ಶಾಲೆಗೆ ಇಂಥ ಇಪ್ಪತ್ತು ಬೋರ್ಡು ಕೊಟ್ಟಿದ್ದರು. ಒಂದೊಂದೂ ಇಡೀ ಕಂಪ್ಯೂಟರೇ ಅಂತೆ. ಆದರೆ ಅದನ್ನು ನಡೆಸುವ ತಂತ್ರಾಂಶ ಕೊಡಬೇಕಾದ ಕಂಪನಿಯೇ ಬಾಗಿಲು ಹಾಕಿತ್ತು. ಈ ಶುಕ್ರವಾರದೊಳಗೆ ಓಡದಿದ್ದರೆ ಎಲ್ಲವೂ ಗುಜರಿಗೆ ಎಂದುಬಿಟ್ಟಿದ್ದರು ಹೆಡ್‌ಮಾಸ್ಟರ್ ಕುಮಾರಸ್ವಾಮಿ. ಪ್ರಪಂಚದ ಜನ ಕೂಡಿ ಬರೆದು ಪುಕ್ಕಟೆ ಹಂಚುವ ಲಿನಕ್ಸ್ ಅನ್ನೋ ತಂತ್ರಾಂಶ ಇದೆಯಲ್ಲ, ಅದನ್ನೇ ಈ ಬೋರ್ಡಿಗೆ ಒಗ್ಗಿಸಿ, ಒಗ್ಗಿಸಿದ್ದನ್ನು ಮತ್ತೆ ಆ ಜನಕ್ಕೇ ಕಳಿಸುತ್ತೇನೆಂದು ಭವ್ಯ ಹಟ ಹಿಡಿದು ಕೂತಿದ್ದಳು. ಬುಧವಾರ ಅದು ಕಣ್ಣು ಬಿಟ್ಟೇಬಿಟ್ಟಿತು. ಪರದೆಯ ಮೇಲೆ ಸಾಲುಸಾಲು ಅಕ್ಷರ ಓಡಿದಾಗ ನನಗೆ ಕಣ್ಣು ತುಂಬಿ ಬಂತು, ಸುಳ್ಳಲ್ಲ.

"ಇದನ್ನ ಲೋಕಕ್ಕೆಲ್ಲ ಕಳಿಸುವಾಗ ನನ್ನ ಹೆಸರೂ ಹಾಕೇ. ಟೀ ಕಾಸಿದ್ದು ಯಾರು?"

"ಕೆಲಸಕ್ಕೆ ಒದಗಿದೋರ ಹೆಸರು ಹಾಕೋದು ನಮ್ಮಲ್ಲಿ ಪದ್ಧತಿ ಕಣ್ರೀ. ಒದಗಿ, ಹಾಕ್ತೀನಿ."

ಗುರುವಾರ ಬೆಳಿಗ್ಗೆ ಒದಗಿದೆ. ನಮ್ಮ ಮನೆಯಲ್ಲಿ ಮಿಕ್ಸಿಗೂ ವಿಭೂತಿ, ಮೊಬೈಲಿಗೂ ವಿಭೂತಿ. ನೆನ್ನೆ ತಾನೇ ಕಣ್ಣು ಬಿಟ್ಟ ಕೂಸಿಗೆ ಬೇಡವೇ? ಸ್ನಾನ ಮಾಡಿ ಬಂದು, ಎದುರಿಗೆ ಕಂಡರೆ ಬೈದಾಳೆಂದು ಬೋರ್ಡನ್ನು ಮಗುಚಿ, ಬೆನ್ನಿಗೆ ಮೂರು ಬೆರಳು ಎಳೆದಿಟ್ಟೆ.

ಬೋರ್ಡು ಮೂಕವಾಯಿತು. ಪರದೆಯ ಮೇಲೆ ಒಂದಕ್ಷರವೂ ಇಲ್ಲ. ಭವ್ಯ ಊಟ ಬಿಟ್ಟು ತಾನು ಬರೆದದ್ದರಲ್ಲೇ ತಪ್ಪು ಹುಡುಕಿದಳು. ನಾನು ಬಾಯಿಗೆ ಬೀಗ ಹಾಕಿಕೊಂಡು ಐದು ಸಲ ಟೀ ಕೊಟ್ಟೆ.

ಸಂಜೆ ಅಮ್ಮ ಕರಿಬಸಮ್ಮ ಬಗ್ಗಿ ನೋಡಿದರು. "ಅದೇನ್ಲಾ ಪರಮೇಶ, ಮೇಜಿನ್ ಮ್ಯಾಲೆ ಈಬೂತಿ ಉದುರೈತೆ?"

ಭವ್ಯ ಬೋರ್ಡು ಮಗುಚಿದಳು. ಲಿನಕ್ಸ್ ತುಂಬಿಟ್ಟಿದ್ದ ಮೆಮೊರಿ ಕಾರ್ಡಿನ ಕಿಂಡಿಯ ತುಂಬ ಶಿವನ ಪ್ರಸಾದ. ಇನ್ನು ನನಗೆ ಸಹಸ್ರನಾಮ ಎಂದು ಬಾಗಿಲ ಕಡೆ ಸರಿದೆ. ಅವಳು ಬೈಯಲಿಲ್ಲ.

"ಕಾರ್ಡ್ ಓದೋಕಾಗ್ದಿದ್ರೆ ಇದು ಬಾಯಿಬಿಟ್ಟು ಹೇಳ್ಬೇಕಿತ್ತು. ಹಾಗೆ ಹೇಳೋ ಥರ ನಾನು ಬರೀದೇ ಇದ್ದಿದ್ದು ನನ್ನ ತಪ್ಪು" ಎನ್ನುತ್ತಾ ಬ್ರಷ್ಷಿನಿಂದ ಬೂದಿ ಕೊಡವಿ, ಹೊಸದಾಗಿ ಇಪ್ಪತ್ತು ಸಾಲು ಬರೆದಳು. ಇಂಥವಳನ್ನು ಕಟ್ಟಿಕೊಂಡ ನಾನೇ ಪುಣ್ಯವಂತ ಎನ್ನಿಸಿತು.

ಶುಕ್ರವಾರ ಬೋರ್ಡು ಹೆಡ್‌ಮಾಸ್ಟರ ಎದುರೇ ಓಡಿತು. ಇಪ್ಪತ್ತೂ ಶಾಲೆಯಲ್ಲೇ ಉಳಿದವು.

ಭವ್ಯ ಮಾತಿಗೆ ತಪ್ಪುವವಳಲ್ಲ. ಎಲ್ಲ ಸಿದ್ಧ ಮಾಡಿ ಲೋಕಕ್ಕೆ ಕಳಿಸಿ, ನಿಮ್ಮ ಹೆಸರೂ ಇದೆ ಎಂದಳು. ನಾನು ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಮನೆಗೆ ಕರೆದು ಕೂರಿಸಿ, ಜೋರಾಗಿ ಓದು ಎಂದೆ. ಓದಿದಳು:

"ದೋಷ ಪತ್ತೆ ಮಾಡಿದವರು: ಪರಮೇಶ್, ಕೊಡಿಗೇನಹಳ್ಳಿ. ವಿಧಾನ: ಕಾರ್ಡಿನ ಕಿಂಡಿಗೆ ವಿಭೂತಿ ಹಚ್ಚುವುದು."

"ಅಳಿಸೇ" ಎಂದೆ, ಮೆಲ್ಲಗೆ.

"ಒಂದ್ಸಲ ಸೇರಿದ್ಮೇಲೆ ಅಳಿಸೋಕಾಗಲ್ಲ ರೀ. ಇಗೋ, ಜರ್ಮನಿಯಿಂದ ಒಬ್ರು ಬರೆದಿದಾರೆ. ಅವರೂ ಪರೀಕ್ಷೆ ಮಾಡ್ಬೇಕಂತೆ, ವಿಭೂತಿ ಎಷ್ಟು ಹಾಕ್ಬೇಕು ಅಂತ ಕೇಳ್ತಿದಾರೆ."

ಅಡುಗೆಮನೆಯಿಂದ ಅಮ್ಮ ಹೇಳಿದರು: "ಮೂರು ಬೆರಳು ಅಂತ ಬರಿ ಕಣಮ್ಮ. ಬೆರಳಿಗೆ ಬೇಕಾದ್ರೆ ನಮ್ಮ ಪರಮೇಶನ್ನೇ ಕಳಿಸ್ಬುಡು."