ಕಾಕುವಿನ ತರಗತಿಯ ಬದನೆಕಾಯಿ

ಕೃಷ್ಣಾ ನದಿ ಹಿಂದಕ್ಕೆ ಹರಿದರೂ ಹರಿದೀತು, ನಮ್ಮ ಕಾಕುವಿನ ಬಾಯಿಂದ ಒಂದು ಗುಟ್ಟು ಹೊರಬರಲಾರದು! ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ. ಉಗಾರದ ಹತ್ತಿರ ಒಂದು ಶಾಲೆಯಲ್ಲಿ ಟೀಚರು. ಒಮ್ಮೆ ಅವಳಿಗೆ ಹೊಟ್ಟೆನೋವೆಂದು ದವಾಖಾನೆಗೆ ಕರೆದೊಯ್ದಿದ್ದೆ.

"ಒಬ್ಬರಿಗೆ ಹೊಟ್ಟಿ ಕಡ್ಯಾಕತ್ತೈತ್ರಿ," ಎಂದಳು.

"ಯಾರಿಗ್ರಿ?" ಎಂದರು ಡಾಕ್ಟರು.

"ಅದನ್ನ ತಗೊಂಡು ನೀವೇನ್ ಮಾಡ್ತೀರಿ? ಗುಳಿಗಿ ಬರಕೊಡ್ರಿ!"

ಇಂಥವಳ ಶಾಲೆಗೆ ಕೃತಕ ಬುದ್ಧಿಮತ್ತೆಯ ಆ್ಯಪ್ ಬಂದರೆ ಏನಾಗಬೇಡ? ಮಕ್ಕಳ ಹೆಸರು, ಅಂಕ, ಕಾಯಿಲೆ, ಮನೆಯ ಜಗಳ ಎಲ್ಲವನ್ನೂ ಅದರಲ್ಲಿ ತುಂಬಬೇಕಂತೆ. ಯಾವ ಮಗುವಿಗೆ ಹೇಗೆ ಕಲಿಸಬೇಕೆಂದು ಅದೇ ಹೇಳುತ್ತದಂತೆ. ತರಬೇತಿ ಕೊಡಲು ಬಂದವನನ್ನು ಕಾಕು ಕೇಳಿದಳು: "ಇಷ್ಟೆಲ್ಲಾ ಬರದದ್ದು ಹೋಗಿ ಎಲ್ಲಿ ಕುಂದರತೈತ್ರಿ?"

"ಕ್ಲೌಡ್‌ನಲ್ಲಿ ಮೇಡಮ್. ಅಂದರೆ ಮೋಡ."

"ಮೋಡ ಅಂದಮ್ಯಾಲ ಒಂದಿನ ಊರ ತುಂಬ ಸುರೀತೈತಲ್ರಿ!"

ಮುಖ್ಯೋಪಾಧ್ಯಾಯರು ಬಿಡಲಿಲ್ಲ. ಕಾಕು ಆ್ಯಪ್‌ನಲ್ಲಿ ತನ್ನ ತರಗತಿಯ ಮಕ್ಕಳಿಗೆಲ್ಲ ಕಾಯಿಪಲ್ಲೆಯ ಹೆಸರಿಟ್ಟು ಕೆಲಸ ಶುರುಮಾಡಿದಳು. 'ಬದನೆಕಾಯಿಗೆ ಭಿನ್ನರಾಶಿ ಬರುತ್ತಿಲ್ಲ, ಏನು ಮಾಡಲಿ?' ಎಂದು ಕೇಳಿದ್ದಕ್ಕೆ, 'ನಾಲ್ಕು ಸಮಭಾಗ ಮಾಡಿ ಉಪ್ಪುನೀರಿನಲ್ಲಿಡಿ' ಎಂದು ಉತ್ತರ ಬಂತು!

"ಇದು ಸಾಲಿ ಐತೋ ಸಂತಿ ಐತೋ ಟೀಚರ್ರ?" ಎಂದು ಮುಖ್ಯೋಪಾಧ್ಯಾಯರು ಕೂಗಾಡಿದರು.

ಪಕ್ಕದ ತರಗತಿಯ ಟೀಚರು, ಪಾಪ, ಹೇಳಿದ್ದನ್ನೆಲ್ಲ ತುಂಬಿದ್ದರು. ಒಂದು ದಿನ ಪಾಠ ತೋರಿಸಲು ಹೋಗಿ ಯಾವುದನ್ನೋ ಒತ್ತಿದರು. ಗೋಡೆಯ ದೊಡ್ಡ ಪರದೆಯ ಮೇಲೆ ಒಬ್ಬ ಹುಡುಗಿಯ ಹೆಸರು ಮೂಡಿತು. ಅದರ ಕೆಳಗೆ, 'ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾಳೆ.' ಇಡೀ ತರಗತಿ ನಕ್ಕಿತು. ಮುಖ್ಯೋಪಾಧ್ಯಾಯರು ಗಾಬರಿಯಾಗಿ ಮಕ್ಕಳ ವಿವರಗಳನ್ನೆಲ್ಲ ಅಳಿಸಿ ಹಾಕಿಸಿದರು. ಆದರೆ ನಕ್ಕ ಮಕ್ಕಳ ತಲೆಯಿಂದ ಅಳಿಸುವುದು ಹೇಗೆ? ಹುಡುಗಿ ಶಾಲೆ ಬಿಟ್ಟಳು.

ಭಾನುವಾರ ಕಾಕು ನನ್ನ ಗಾಡಿಯ ಹಿಂದೆ ಕೂತು ಅವಳ ಮನೆಗೆ ಹೊರಟಳು. ಹುಡುಗಿ ಎಮ್ಮೆ ಕಟ್ಟುವ ಜಾಗದಲ್ಲಿ ಗೋಡೆಗೆ ಮುಖಮಾಡಿ ಕೂತಿದ್ದಳು.

"ನಾ ಸಾಲಿಗೆ ಬರೂದಿಲ್ರಿ," ಎಂದಳು, ತಿರುಗದೆಯೇ.

ಕಾಕು ಅವಳ ಪಕ್ಕ ನೆಲದ ಮೇಲೆಯೇ ಕೂತಳು. ಆಮೇಲೆ, ನನಗೂ ಬಾಗಿಲಲ್ಲಿ ನಿಂತ ಹುಡುಗಿಯ ತಾಯಿಗೂ ಕೇಳುವಂತೆ ಹೇಳಿದಳು: "ನಾನೂ ಏಳನೇ ಕ್ಲಾಸಿನ ತನಕ ಹಾಸಿಗಿ ತೋಯಸ್ತಿದ್ದೆ ಬೇ. ನಮ್ಮವ್ವ ದಿನಾ ಕೌದಿ ಒಣಗ ಹಾಕ್ತಿದ್ಲು."

ಹುಡುಗಿ ಮೆಲ್ಲಗೆ ಇತ್ತ ತಿರುಗಿದಳು. "ಖರೇನ್ರಿ?"

"ಖರೇನ."

"ಆಮ್ಯಾಲ ತಾನ ನಿಂತಿತೇನ್ರಿ?"

"ನಿಂತಿತು. ನಿಂದೂ ನಿಲ್ತೈತಿ. ಏಳು, ಮಾರಿ ತೊಳಕೊ."