ನನ್ನ ಒಂಬತ್ತು ರಾಜೀನಾಮೆಗಳು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಹೈಸ್ಕೂಲಿನಿಂದಲೂ ನಾನು ಡೈರಿ ಬರೆಯುತ್ತಿದ್ದೇನೆ, ನಿಜ. ಆದರೆ ಅಂದು ಬರೆದವಳೂ ನಾನೇ, ಇಂದು ನೆನಪಿಸಿಕೊಳ್ಳುತ್ತಿರುವವಳೂ ನಾನೇ. ವಾದಿಯೇ ಸಾಕ್ಷಿಯೂ ಆದ ಮೊಕದ್ದಮೆಯನ್ನು ಯಾವ ನ್ಯಾಯಾಧೀಶರು ನಂಬುತ್ತಾರೆ? ಒಂದು ವಿಷಯದಲ್ಲಿ ಮಾತ್ರ ತಪ್ಪಾಗಲು ಸಾಧ್ಯವಿಲ್ಲ. ಹನ್ನೊಂದು ವರ್ಷದಲ್ಲಿ ನಾನು ಒಂದೇ ಕಂಪನಿಗೆ ಒಂಬತ್ತು ಸಲ ರಾಜೀನಾಮೆ ಕೊಟ್ಟಿದ್ದೇನೆ. ಕಂಪನಿಗೆ ಈ ಸಂಗತಿ ಗೊತ್ತಿಲ್ಲ. ಏಕೆಂದರೆ ಒಂಬತ್ತನ್ನೂ ಸ್ವೀಕರಿಸಿ, ಸೀಲು ಒತ್ತಿ, ಫೈಲಿಗೆ ಸೇರಿಸಿದವರು ಎನ್.ಆರ್. ಕಾಲೋನಿಯ ನನ್ನ ಸೋದರತ್ತೆ!

ಅತ್ತೆ ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ನಿವೃತ್ತಿಯ ದಿನ ಎಲ್ಲರೂ ಹಾರ, ಶಾಲು, ಹಣ್ಣಿನ ಬುಟ್ಟಿ ಮನೆಗೆ ತರುತ್ತಾರೆ. ಅತ್ತೆ ಅವುಗಳ ಜೊತೆಗೆ ಕಚೇರಿಯನ್ನೂ ತಂದರು. ಒಂದೇ ವಾರದಲ್ಲಿ ಅವೆನ್ಯೂ ರಸ್ತೆಯಲ್ಲಿ ‘ಸ್ವೀಕರಿಸಲಾಗಿದೆ’ ಎಂಬ ರಬ್ಬರ್ ಸೀಲು ಮಾಡಿಸಿದರು. ಬಂದ ಕಾಗದಗಳಿಗೆಲ್ಲ ನಂಬರು ಕೊಡಲು ಉದ್ದನೆಯ ಆವಕ ಪುಸ್ತಕವೊಂದನ್ನು ಕೊಂಡರು. ಸೀರೆ ಇಡುವ ಬೀರುವಿನಲ್ಲಿ ಎರಡು ಅಂತಸ್ತು ಖಾಲಿಯಾಗಿ ಅಲ್ಲಿ ಫೈಲುಗಳು ಕುಳಿತವು. ಗ್ಯಾಸ್ ಫೈಲು, ಮಂಡಿನೋವಿನ ಫೈಲು, ‘ಮಾವ: ನಡತೆ ಮತ್ತು ಇತರೆ’ ಎಂಬ ಒಂದು ದಪ್ಪ ಫೈಲು.

ಮಾವ ನಿವೃತ್ತ ಗಣಿತದ ಮೇಷ್ಟರು. ಸಾಧು ಪ್ರಾಣಿ. ಅವರು ಬೆಳಗಿನ ವಾಕಿಂಗ್ ತಪ್ಪಿಸಿದರೆ ತಿಂಡಿಯ ತಟ್ಟೆಯ ಕೆಳಗೆ ಕಾರಣ ಕೇಳುವ ನೋಟಿಸು ಇರುತ್ತಿತ್ತು. ಒಂದು ಸಲ ಮಾವ ‘ಚಳಿ ಇದ್ದ ಕಾರಣ’ ಎಂದು ಉತ್ತರ ಬರೆದರಂತೆ. ಅದರ ಕೆಳಗೆ ಅತ್ತೆಯ ಷರಾ: ‘ಚಳಿ ಇಡೀ ಬಸವನಗುಡಿಗೆ ಇತ್ತು. ವಿವರಣೆ ಸಮಾಧಾನಕರವಾಗಿಲ್ಲ.’

ನುಗ್ಗೆಮರದ ಫೈಲಿನ ಕಥೆ ಇನ್ನೂ ದೊಡ್ಡದು. ಹಿತ್ತಿಲ ನುಗ್ಗೆಮರದ ಕೊಂಬೆಯೊಂದು ಪಕ್ಕದ ಮನೆಯ ತಾರಸಿಗೆ ಬಾಗಿತ್ತು. ಪಕ್ಕದವರು ಕಾಂಪೌಂಡ್ ಮೇಲಿಂದ ಬಾಯಿಮಾತಲ್ಲಿ ಹೇಳಿದರು. ಬರೆದುಕೊಡಿ ಎಂದರು ಅತ್ತೆ. ಪಾಪ, ಅವರು ಬರೆದುಕೊಟ್ಟರು. ಸ್ಥಳ ಪರಿಶೀಲನೆ ಆಯಿತು. ಕಾಯಿ ಇರುವಾಗ ಕಡಿಯುವಂತಿಲ್ಲ ಎಂದು ಅಡುಗೆಮನೆಯ ಅಭಿಪ್ರಾಯ ಪಡೆಯಲಾಯಿತು (ಅಡುಗೆಮನೆ ಎಂದರೂ ಅತ್ತೆಯೇ). ಮಾವ ಕೊಂಬೆಯ ನಕ್ಷೆ ಬರೆದುಕೊಟ್ಟರು. ಅನುಮತಿಯ ಹಿಂದಿನ ದಿನ ಸಂಜೆ ಜೋರು ಗಾಳಿ ಬೀಸಿ ಕೊಂಬೆ ತಾನಾಗಿಯೇ ಬಿತ್ತು. ಅತ್ತೆ ಕೊನೆಯ ಪುಟದಲ್ಲಿ ಬರೆದರು: ‘ಗಾಳಿಯು ಕ್ರಮ ಕೈಗೊಂಡಿದೆ. ಕಡತ ಮುಕ್ತಾಯ.’

ಈ ಷರಾಗಳೆಲ್ಲ ಹಸಿರು ಶಾಯಿಯಲ್ಲಿ ಇರುತ್ತವೆ. ಸರ್ಕಾರಿ ಕಚೇರಿಯಲ್ಲಿ ಹಸಿರು ಶಾಯಿ ಗೆಜೆಟೆಡ್ ಅಧಿಕಾರಿಗಳ ಸೊತ್ತು. ಉಳಿದವರು ನೀಲಿಯಲ್ಲಿ ಬರೆದು ತಲೆಬಾಗಬೇಕು. ಅತ್ತೆ ಅಲ್ಲಿಯವರೆಗೆ ಏರಲಿಲ್ಲ, ಒಂದೇ ಮೆಟ್ಟಿಲು ಬಾಕಿ ಉಳಿಯಿತು. ನಿವೃತ್ತರಾದ ಮರುದಿನ ಗಾಂಧಿ ಬಜಾರಿಗೆ ಹೋಗಿ ಹಸಿರು ಪೆನ್ನು ಕೊಂಡರು. ಅದನ್ನು ಮಾವ ಕೂಡ ಮುಟ್ಟುವಂತಿಲ್ಲ. ಒಮ್ಮೆ ಅವರು ಹಾಲಿನವನ ಲೆಕ್ಕ ಗೀಚಲು ಅದನ್ನು ಎತ್ತಿಕೊಂಡದ್ದು ಅವರ ನಡತೆಯ ಫೈಲಿನಲ್ಲಿ ಇಂದಿಗೂ ಕಪ್ಪುಚುಕ್ಕೆಯಾಗಿ, ಅಲ್ಲ, ಹಸಿರುಚುಕ್ಕೆಯಾಗಿ ಇದೆ.

ಇಂಥವರ ಕೈಗೆ ನನ್ನ ಮೊದಲ ರಾಜೀನಾಮೆ ಸಿಕ್ಕಿದ್ದು ಹೇಗೆ? ನಾನೇ ಕೊಟ್ಟೆ. ಮಲ್ಲೇಶ್ವರಂನಲ್ಲಿ ಶಾಲಾಪುಸ್ತಕಗಳನ್ನು ಮಾಡುವ ಕಂಪನಿಯೊಂದರಲ್ಲಿ ನಾನು ಸಂಪಾದಕಿ. ಒಂದು ದಿನ ಕನ್ನಡ ವಿಭಾಗದ ಮುಖ್ಯಸ್ಥೆಯಾಗಬೇಕು ಎಂಬುದು ಸೇರಿದ ದಿನದಿಂದ ನನ್ನ ಆಸೆ. ಸೇರಿದ ಐದನೇ ತಿಂಗಳಿಗೇ ರಾಜೀನಾಮೆ ಬರೆದು, ಕಾಗುಣಿತ ನೋಡಿಕೊಡಿ ಅಂತ ಅತ್ತೆಯ ಬಳಿ ಹೋದೆ. ಅವರು ಕಾಗುಣಿತ ನೋಡಲಿಲ್ಲ. ಸೀಲು ಒತ್ತಿದರು. ಆವಕ ಪುಸ್ತಕದಲ್ಲಿ ನನ್ನ ಹೆಸರಿಗೇ ಒಂದು ಪುಟ ತೆರೆದರು. ಸಂಖ್ಯೆ ಒಂದು! ಮೂರು ದಿನ ಬಿಟ್ಟು ಬಾ ಎಂದರು. ಮೂರು ದಿನ ಬಿಟ್ಟು ಹೋದರೆ ಕಾಗದದ ಅಂಚಿನಲ್ಲಿ ಹಸಿರಿನಲ್ಲಿ ಎರಡೇ ಪದ: ‘ಕಾರಣ ಸ್ಪಷ್ಟಪಡಿಸಿ.’ ಅಷ್ಟು ಹೊತ್ತಿಗೆ ನನಗೂ ಕಾರಣ ಅಷ್ಟು ಸ್ಪಷ್ಟವಾಗಿ ಉಳಿದಿರಲಿಲ್ಲ.

ಆ ರಾಜೀನಾಮೆಯ ಹಿಂದೆ ಒಂದು ಘೋರ ಅನ್ಯಾಯವಿತ್ತು, ನಾನು ಮಾಡಿದ ಪಾಠಕ್ಕೆ ಬೇರೆಯವರ ಹೆಸರು ಹಾಕಿದ್ದರು ಎಂದು ಎಷ್ಟೋ ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಆ ದಿನದ ಡೈರಿಯಲ್ಲೂ ‘ಅಪಮಾನ’ ಎಂದೇ ಇದೆ. ಈಚೆಗೆ ಅತ್ತೆಯ ಫೈಲಿನಲ್ಲಿ ಮೂಲ ಪತ್ರ ನೋಡಿದೆ. ಕಿಟಕಿ ಪಕ್ಕದ ನನ್ನ ಕುರ್ಚಿಯನ್ನು ಹೊಸಬರೊಬ್ಬರಿಗೆ ಕೊಟ್ಟಿದ್ದರು, ಅಷ್ಟೇ.

ಅಲ್ಲಿಂದ ಅದೊಂದು ಪದ್ಧತಿಯಾಯಿತು. ರಾಜೀನಾಮೆಯನ್ನು ವಾಟ್ಸಾಪಿನಲ್ಲಿ ಕಳಿಸುವಂತಿಲ್ಲ. ಟಪಾಲು ಕೈಯಲ್ಲೇ ಬರಬೇಕು. ನಾನು ಕೋಪದಲ್ಲಿ ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತುತ್ತಿದ್ದೆ. ಮೆಜೆಸ್ಟಿಕ್ಕಿನ ನೂಕುನುಗ್ಗಲಲ್ಲಿ ಕೋಪ ಬೇರೆಯವರ ಮೇಲೆ ತಿರುಗುತ್ತಿತ್ತು. ಇಳಿದು ಗಾಂಧಿ ಬಜಾರಿನ ಹೂವಿನ ಸಾಲು ದಾಟಿ ನಡೆಯುವಷ್ಟರಲ್ಲಿ ಅದು ಅರ್ಧಕ್ಕರ್ಧ ಇಳಿದಿರುತ್ತಿತ್ತು. ಇದೆಲ್ಲ ಅತ್ತೆ ಲೆಕ್ಕ ಹಾಕಿ ಮಾಡಿದ ನಿಯಮವೇ? ಕೇಳಿದರೆ ಟಪಾಲು ಅಂದರೆ ಟಪಾಲು ಎನ್ನುತ್ತಾರೆ.

ಮೂರು ದಿನದ ನಂತರ ಬರುತ್ತಿದ್ದ ಷರಾಗಳು ಒಂದಕ್ಕಿಂತ ಒಂದು. ‘ಎರಡನೇ ಪ್ಯಾರಾದಲ್ಲಿ ಆತ್ಮಗೌರವ ಮೂರು ಸಲ ಬಂದಿದೆ. ಒಂದು ಸಾಕು.’ ‘ಇದನ್ನು ಮ್ಯಾನೇಜರಿಗೆ ಬರೆದಿದ್ದೀಯೋ, ಅವನ ತಾಯಿಗೋ?’ ‘ಬೇರೆ ಕೆಲಸ ಸಿಕ್ಕಿದೆಯೇ? ದಾಖಲೆ ಲಗತ್ತಿಸಿ.’ ಆರನೆಯದಕ್ಕೆ ಮಾತ್ರ ಹೊಗಳಿಕೆ ಸಿಕ್ಕಿತು: ‘ಭಾಷೆ ಸುಧಾರಿಸಿದೆ. ಕೆಲಸದಲ್ಲಿ ಮುಂದುವರಿಯಿರಿ.’

ಮ್ಯಾನೇಜರ್ ಎಂದೆನಲ್ಲ, ಅವನು ನನಗಿಂತ ಏಳು ವರ್ಷ ಚಿಕ್ಕವನು. ಕೆಟ್ಟವನಲ್ಲ. ಗುರುವಾರ ಮಧ್ಯಾಹ್ನ ಮೂರಕ್ಕೆ ಪರಿಶೀಲನಾ ಸಭೆ ಇಡುತ್ತಿದ್ದ. ನಾನು ಮೂರು ವಾರ ಕೂತು ತಿದ್ದಿದ ಪಾಠವನ್ನು ತೆರೆಯ ಮೇಲೆ ತೋರಿಸಿ ‘ನಾವು ಮಾಡಿದ್ವಿ’ ಎನ್ನುತ್ತಿದ್ದ. ಆ ‘ನಾವು’ ಎಂಬುದರಲ್ಲಿ ಅವನೊಬ್ಬನೇ ಇರುತ್ತಿದ್ದ. ನನ್ನ ಮೈ ನಡುಗುತ್ತಿತ್ತು, ಕಣ್ಣು ಕತ್ತಲಿಡುತ್ತಿತ್ತು. ಇದನ್ನು ನಾನು ಅನ್ಯಾಯದ ವಿರುದ್ಧದ ಸಾತ್ವಿಕ ಕ್ರೋಧ ಎಂದು ಡೈರಿಯಲ್ಲಿ ಬರೆದಿದ್ದೇನೆ.

ಒಂಬತ್ತನೆಯ ರಾಜೀನಾಮೆ ಕೊಟ್ಟಾಗ ಅತ್ತೆ ಸೀಲು ಒತ್ತಿ, ಮೂರು ದಿನ ಬಿಟ್ಟು ಬಾ ಎನ್ನುವ ಬದಲು ಒಂಬತ್ತು ಕಾಗದಗಳನ್ನೂ ಊಟದ ಮೇಜಿನ ಮೇಲೆ ಸಾಲಾಗಿ ಹರಡಿದರು. ಹಳೆಯ ಕಾಗದಗಳನ್ನು ಒಟ್ಟಿಗೆ ಇಟ್ಟು ನೋಡದೆ ಯಾವ ತೀರ್ಮಾನವನ್ನೂ ಮಾಡಬಾರದು ಎಂಬುದು ಅವರ ಕಚೇರಿಯ ಪಾಠ. ಮಾವನನ್ನು ಕರೆದು ಕ್ಯಾಲೆಂಡರ್ ಲೆಕ್ಕ ಹಾಕಿಸಿದರು. ಒಂಬತ್ತರಲ್ಲಿ ಏಳು ಗುರುವಾರದವು!

“ಗುರುವಾರ ಮಧ್ಯಾಹ್ನ ಏನೇ ತಿಂತೀಯ?” ಎಂದರು ಅತ್ತೆ.

ನಾನು ಏನೂ ತಿನ್ನುವುದಿಲ್ಲ. ಮದುವೆಯಾದ ವರ್ಷ ಹೇಳಿಕೊಂಡ ಹರಕೆ, ಗುರುವಾರ ರಾಯರ ಉಪವಾಸ. ಬೆಳಿಗ್ಗೆ ಒಂದು ಲೋಟ ಹಾಲು, ಆಮೇಲೆ ರಾತ್ರಿ ಫಲಾಹಾರ. ಅತ್ತೆ ಕನ್ನಡಕ ತೆಗೆದು ಮಾವನನ್ನು ನೋಡಿದರು. ಮಾವ ಗೋಡೆ ನೋಡಿದರು.

“ರಾಯರನ್ನೂ ಮ್ಯಾನೇಜರನ್ನೂ ಒಂದೇ ದಿನ ಇಟ್ಕೋಬೇಡ. ರಾಯರಿಗೆ ತಾಳ್ಮೆ ಇದೆ, ಶನಿವಾರ ಅಂದ್ರೂ ಕಾಯ್ತಾರೆ.”

ಹನ್ನೊಂದು ವರ್ಷದ ನನ್ನ ಸಾತ್ವಿಕ ಕ್ರೋಧ ಹೀಗೆ ಹೊಟ್ಟೆಹಸಿವು ಎಂದು ದಾಖಲಾಯಿತು. ಉಪವಾಸ ಶನಿವಾರಕ್ಕೆ ಹೋಯಿತು. ಮುಂದಿನ ಗುರುವಾರ ಎರಡೂವರೆಗೆ ಡಬ್ಬಿ ತುಂಬ ಅವಲಕ್ಕಿ ಬಿಸಿಬೇಳೆಬಾತ್ ತಿಂದು ಸಭೆಗೆ ಹೋದೆ. ಅವನು ‘ನಾವು ಮಾಡಿದ್ವಿ’ ಎಂದ. ನನಗೆ ನಿದ್ದೆ ಬಂತು, ಅಷ್ಟೇ.

ಆದರೆ ಅತ್ತೆ ಅಲ್ಲಿಗೇ ಬಿಡಲಿಲ್ಲ. ಹಸಿವು ನಿನ್ನದು, ‘ನಾವು’ ಮಾತ್ರ ಅವನದೇ ತಪ್ಪು ಎಂದರು. ಬಾಯಲ್ಲಿ ಆದದ್ದನ್ನೆಲ್ಲ ಅದೇ ದಿನ ಕಾಗದಕ್ಕೆ ತರಬೇಕು. ಜಗಳ ಬೇಡ, ದೂರು ಬೇಡ, ‘ತಾವು ಮೌಖಿಕವಾಗಿ ಸೂಚಿಸಿದಂತೆ’ ಎಂದು ಶುರುಮಾಡಿ ನಾಲ್ಕು ಸಾಲು ಸಾಕು. ನಾನು ಅದನ್ನು ಮೇಲ್ ಮಾಡತೊಡಗಿದೆ. ‘ತಾವು ಮೌಖಿಕವಾಗಿ ಸೂಚಿಸಿದಂತೆ ನಾಲ್ಕನೇ ತರಗತಿಯ ಮೂರು ಪಾಠಗಳನ್ನು ನಾನು ಹೊಸದಾಗಿ ಬರೆದು ಮುಗಿಸಿದ್ದೇನೆ.’ ಪ್ರತಿದಿನ! ಎರಡು ತಿಂಗಳಾದ ಮೇಲೆ ಮ್ಯಾನೇಜರ್ ನನ್ನ ಮೇಜಿನ ಬಳಿ ಬಂದು ತಗ್ಗಿದ ದನಿಯಲ್ಲಿ ಹೇಳಿದ: “ಮೇಡಂ, ಕಾಫಿಗೆ ಬರ್ತೀರಾ ಅಂತ ಕೇಳಿದ್ದಕ್ಕೂ ಮೇಲ್ ಕಳಿಸ್ಬೇಡಿ, ಪ್ಲೀಸ್.”

ವರ್ಷದ ಕೊನೆಯಲ್ಲಿ ಮೇಲಿನವರು ಈ ಪುಸ್ತಕ ಮಾಡಿದ್ದು ಯಾರು ಎಂದು ಕೇಳಿದಾಗ ಯಾರೂ ಏನೂ ಹೇಳಬೇಕಾಗಲಿಲ್ಲ. ಮೇಲುಗಳು ಇದ್ದವು. ಹೀಗೆ, ಈ ಮಾರ್ಚಿನಲ್ಲಿ, ಹನ್ನೊಂದು ವರ್ಷದಿಂದ ಕಾದದ್ದು ಬಂತು. ಕನ್ನಡ ವಿಭಾಗದ ಮುಖ್ಯಸ್ಥೆ! ಜೊತೆಗೆ ಒಂದು ಷರತ್ತೂ ಬಂತು. ಕನ್ನಡ ವಿಭಾಗವನ್ನು ಧಾರವಾಡಕ್ಕೆ ಸಾಗಿಸುತ್ತಿದ್ದಾರೆ. ಮೂರು ವರ್ಷ ಅಲ್ಲಿರಬೇಕು.

ನನ್ನ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ನಾಲ್ಕು ದಿನ ಯೋಚಿಸಿದೆ. ಮಗಳು, ನೀನು ಹೋಗಮ್ಮಾ, ನಾನು ನೆಮ್ಮದಿಯಾಗಿ ಓದ್ಕೋತೀನಿ ಎಂದಳು. ಅದರಲ್ಲಿ ‘ನೆಮ್ಮದಿ’ಯ ಮೇಲೆ ಬೇಕಾದ್ದಕ್ಕಿಂತ ಒತ್ತು ಇತ್ತು. ಗಂಡ, ನಿನ್ನಿಷ್ಟ ಎಂದ. ಕೊನೆಗೆ ನಾನು ಹತ್ತನೆಯ ಪತ್ರ ಬರೆದೆ. ಇದು ರಾಜೀನಾಮೆಯಲ್ಲ. ‘ಕೌಟುಂಬಿಕ ಕಾರಣಗಳಿಂದ ಈ ಬಡ್ತಿಯನ್ನು ಸ್ವೀಕರಿಸಲು ಸಾಧ್ಯವಾಗುತ್ತಿಲ್ಲ.’ ಒಂದೇ ವಾಕ್ಯ. ಆತ್ಮಗೌರವ ಒಂದು ಸಲವೂ ಇರಲಿಲ್ಲ. ಈ ಸಲ ನನಗೆ ಕೋಪವಿರಲಿಲ್ಲ. ಬುಧವಾರ ಬೇರೆ, ಊಟ ಮಾಡಿದ್ದೆ.

ಅತ್ತೆ ನಿಂತೇ ಓದಿದರು. ನಂಬರು ಹತ್ತನ್ನು ಬರೆದರು, ಆದರೆ ಸೀಲು ಒತ್ತಲಿಲ್ಲ, ಮೂರು ದಿನ ಬಿಟ್ಟು ಬಾ ಎನ್ನಲಿಲ್ಲ. ಹಸಿರು ಪೆನ್ನಿನಿಂದ ಅಲ್ಲೇ ‘ತಿರಸ್ಕರಿಸಲಾಗಿದೆ’ ಎಂದು ಬರೆದು ಕಾಗದ ವಾಪಸು ಕೊಟ್ಟರು. ನಾನು ಮಗಳ ಪರೀಕ್ಷೆ ಎಂದೆ. ಬರೆಯೋದು ಅವಳು, ನೀನಲ್ಲ, ಅವಳಪ್ಪ ಇದಾನೆ, ನಾವಿದೀವಿ ಎಂದರು. ಅದು ಸರಿ, ಆದರೂ ಇಂಥ ಹೊತ್ತಲ್ಲಿ ತಾಯಿ ಪಕ್ಕದಲ್ಲಿ ಇರಬೇಕಲ್ಲವೇ ಎಂದು ನಾನು ಶುರುಮಾಡಿದೆ. ಅತ್ತೆ ಬೀರುವಿನ ಹತ್ತಿರ ಹೋಗಿ, ಎಲ್ಲ ಫೈಲುಗಳ ಅಡಿಯಿಂದ ಒಂದು ತೆಳ್ಳನೆಯ ಫೈಲು ಎಳೆದರು.

“ಪೂರ್ವನಿದರ್ಶನ ಇದೆ. ನೋಡ್ಕೋ.”

ಅದೊಂದು ಕಾರ್ಬನ್ ಪ್ರತಿ. ನೀಲಿ ಅಕ್ಷರ ಮಾಸಿ ಹೋಗಿತ್ತು. ಅತ್ತೆಯನ್ನು ಗೆಜೆಟೆಡ್ ಹುದ್ದೆಗೆ ಬಡ್ತಿ ಕೊಟ್ಟು ಬಳ್ಳಾರಿಗೆ ಹಾಕಿದ್ದಾಗ ಅವರು ಬರೆದುಕೊಟ್ಟ ಉತ್ತರ. ‘ಕೌಟುಂಬಿಕ ಕಾರಣಗಳಿಂದ ಈ ಬಡ್ತಿಯನ್ನು ಸ್ವೀಕರಿಸಲು ಸಾಧ್ಯವಾಗುತ್ತಿಲ್ಲ.’ ನನ್ನ ವಾಕ್ಯವೇ, ಒಂದು ಪದ ಆಚೀಚೆ ಇಲ್ಲ. ತಾರೀಖು ನೋಡಿದೆ. ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದ ವರ್ಷದ ಜನವರಿ. ಅಪ್ಪನಿಗೆ ಬ್ಯಾಂಕಿನ ಕೆಲಸ, ಎರಡು ವರ್ಷಕ್ಕೊಂದು ವರ್ಗ. ಓದು ಕೆಡಬಾರದೆಂದು ನನ್ನನ್ನು ಹೈಸ್ಕೂಲು ಮುಗಿಯುವವರೆಗೆ ಇದೇ ಮನೆಯಲ್ಲಿ, ಈ ಅತ್ತೆಯ ಬಳಿ ಬಿಟ್ಟಿದ್ದರು.

ಮಾವ ಕಾಫಿ ಮಾಡುತ್ತೇನೆಂದು ಎದ್ದು ಹೋದರು. ಅವರಿಗೆ ಕಾಫಿ ಮಾಡಲು ಬರುವುದಿಲ್ಲ.

ಮನೆಗೆ ಬಂದು ಹಳೆಯ ಡೈರಿ ತೆಗೆದು ಆ ತಾರೀಖು ಹುಡುಕಿದೆ. ನನ್ನ ದುಂಡು ಅಕ್ಷರದಲ್ಲಿ ಹೀಗಿದೆ: ‘ಇವತ್ತು ಹಬ್ಬ ಇಲ್ಲದಿದ್ದರೂ ಅತ್ತೆ ಹೋಳಿಗೆ ಮಾಡಿದ್ದರು. ಯಾಕೋ ಗೊತ್ತಿಲ್ಲ. ನಾಲ್ಕು ತಿಂದೆ.’ ನನಗೆ ಆ ಹೋಳಿಗೆ ನೆನಪೇ ಇಲ್ಲ.

ಧಾರವಾಡಕ್ಕೆ ಸೋಮವಾರ ಹೊರಡುತ್ತಿದ್ದೇನೆ. ಮಗಳು ಈಗಾಗಲೇ ನನ್ನ ಕೋಣೆಗೆ ತನ್ನ ಪುಸ್ತಕಗಳನ್ನು ಸಾಗಿಸಿಕೊಂಡಿದ್ದಾಳೆ. ಅತ್ತೆಯ ಆವಕ ಪುಸ್ತಕದಲ್ಲಿ ನನ್ನದೊಂದು ಟಪಾಲು ಮಾತ್ರ ಬಾಕಿ ಇದೆ, ಸಂಖ್ಯೆ ಹನ್ನೊಂದು. ಅಂದು ಮಾವ ಒಳಗೆ ಪಾತ್ರೆ ಸದ್ದು ಮಾಡುತ್ತಿದ್ದಾಗ ನಾನು ಯಾರೂ ಮುಟ್ಟಬಾರದ ಹಸಿರು ಪೆನ್ನನ್ನು ಎತ್ತಿಕೊಂಡು ಆ ಕಾರ್ಬನ್ ಪ್ರತಿಯ ಅಂಚಿನಲ್ಲಿ ಒಂದು ಷರಾ ಬರೆದೆ. ಅತ್ತೆ ಬೈಯಲಿಲ್ಲ. ಕನ್ನಡಕ ಹಾಕಿಕೊಂಡು ಓದಿದರು, ಸೀಲು ಒತ್ತಿದರು, ಮೂರು ದಿನ ಬಿಟ್ಟು ಬಾ ಎಂದರು. ಏಳು ವಾರವಾಯಿತು. ಫೋನಿನಲ್ಲಿ ಕೇಳಿದಾಗಲೆಲ್ಲ ಪರಿಶೀಲನೆಯಲ್ಲಿದೆ ಎನ್ನುತ್ತಾರೆ. ನಾನು ಬರೆದದ್ದು ಇಷ್ಟೇ:

‘ಕಾರಣ ಸ್ಪಷ್ಟಪಡಿಸಿ. ಅದು ನಾನಾ, ಅತ್ತೆ?’